ಸ್ವವಿಘ್ನ (ಮನೋವಿಜ್ಞಾನ)

ಸ್ವವಿಘ್ನ ಎಂದರೆ ವ್ಯಕ್ತಿಯು ತಾನು ಬಯಸಿದ ಗುರಿಯ ಹಾದಿಯಲ್ಲಿ ತಾನೇ ಅಡ್ಡಿಯನ್ನು ಒಡ್ಡಿಕೊಳ್ಳುವ, ಅಥವಾ ಅಂತಹ ಅಡ್ಡಿಯೊಂದಿದೆ ಎಂದು ಮುಂಚಿತವಾಗಿಯೇ ಸಾರಿಕೊಳ್ಳುವ ವರ್ತನೆ. ಪರೀಕ್ಷೆ ಹತ್ತಿರವಾದಂತೆ ಓದನ್ನು ಮುಂದೂಡುವುದು, ಮುಖ್ಯವಾದ ಸಂದರ್ಶನದ ಹಿಂದಿನ ರಾತ್ರಿ ನಿದ್ದೆಗೆಡುವುದು, ಸ್ಪರ್ಧೆಯ ಮುನ್ನ ಅಭ್ಯಾಸವನ್ನು ತಪ್ಪಿಸಿಕೊಳ್ಳುವುದು, ಕೆಲಸ ಮುಗಿಯುವ ಹಂತದಲ್ಲಿ ಅದನ್ನು ಕೈಬಿಡುವುದು ಇದರ ಪರಿಚಿತ ರೂಪಗಳು. ಮೇಲ್ನೋಟಕ್ಕೆ ಇದು ಸೋಮಾರಿತನದಂತೆಯೋ ಅವಿವೇಕದಂತೆಯೋ ಕಾಣುತ್ತದೆ. ಆದರೆ ಇದರ ಹಿಂದೆ ಒಂದು ಲೆಕ್ಕಾಚಾರವಿದೆ ಎಂದು ಸಂಶೋಧಕರು ತೋರಿಸಿದ್ದಾರೆ. ಸೋಲು ಬಂದರೆ ದೋಷವು ಅಡ್ಡಿಯ ಮೇಲೆ ಬೀಳುತ್ತದೆ, ಸಾಮರ್ಥ್ಯದ ಮೇಲೆ ಬೀಳುವುದಿಲ್ಲ. ಹೀಗೆ ಫಲವನ್ನು ಬಲಿಕೊಟ್ಟು ಆತ್ಮಗೌರವವನ್ನು ಉಳಿಸಿಕೊಳ್ಳಲಾಗುತ್ತದೆ.

ಸಾಮಾಜಿಕ ಮನೋವಿಜ್ಞಾನದಲ್ಲಿ ಈ ವರ್ತನೆಯನ್ನು 1978ರಿಂದ ಸೆಲ್ಫ್-ಹ್ಯಾಂಡಿಕ್ಯಾಪಿಂಗ್ ಎಂಬ ಹೆಸರಿನಲ್ಲಿ ಅಧ್ಯಯನ ಮಾಡಲಾಗುತ್ತಿದೆ. ಇದು ಯಶಸ್ಸನ್ನು ವ್ಯಕ್ತಿ ಹೇಗೆ ಅರ್ಥೈಸಿಕೊಂಡಿದ್ದಾನೆ ಎಂಬುದರೊಂದಿಗೆ ನಿಕಟವಾಗಿ ಹೆಣೆದುಕೊಂಡಿದೆ. ಆದ್ದರಿಂದ ಇದರಿಂದ ಹೊರಬರುವ ವಿಧಾನಗಳ ಚರ್ಚೆಯಲ್ಲಿ ಯಶಸ್ಸಿನ ವೈಯಕ್ತಿಕ ವ್ಯಾಖ್ಯಾನವೂ ಪ್ರಮುಖ ಸ್ಥಾನ ಪಡೆದಿದೆ.

ಹೆಸರು ಮತ್ತು ಅರ್ಥವ್ಯಾಪ್ತಿ

ಕನ್ನಡದಲ್ಲಿ ಈ ಪರಿಕಲ್ಪನೆಗೆ ಒಂದೇ ಸ್ಥಿರವಾದ ಪಾರಿಭಾಷಿಕ ಪದ ರೂಢಿಯಲ್ಲಿಲ್ಲ. ಸ್ವವಿಘ್ನ, ಸ್ವಯಂ ಅಡ್ಡಿ, ಆತ್ಮವಿಘಾತ ಮುಂತಾದ ರೂಪಗಳನ್ನು ಬಳಸಬಹುದು. ಇಂಗ್ಲಿಷಿನ ಹ್ಯಾಂಡಿಕ್ಯಾಪ್ ಎಂಬ ಪದವು ಕುದುರೆ ಪಂದ್ಯದ ಪರಿಭಾಷೆಯಲ್ಲಿ ಬಲಶಾಲಿಯಾದ ಕುದುರೆಗೆ ಹೊರಿಸುವ ಹೆಚ್ಚುವರಿ ತೂಕವನ್ನು ಸೂಚಿಸುತ್ತದೆ. ತನ್ನ ಬೆನ್ನಿಗೆ ತಾನೇ ಅಂತಹ ತೂಕವನ್ನು ಕಟ್ಟಿಕೊಂಡು ಓಡುವ ಚಿತ್ರವನ್ನು ಈ ಹೆಸರು ಮುಂದಿಡುತ್ತದೆ. ಜನಬಳಕೆಯ ಸೆಲ್ಫ್-ಸ್ಯಾಬೊಟಾಜ್ ಎಂಬ ಪದ ಇದಕ್ಕಿಂತ ವಿಶಾಲವಾದುದು. ಸಂಬಂಧಗಳನ್ನು ಕೆಡಿಸಿಕೊಳ್ಳುವುದು, ಅತಿಯಾದ ಖರ್ಚು, ಆರೋಗ್ಯದ ಕಡೆಗಣನೆ ಮೊದಲಾದವುಗಳನ್ನೂ ಅದು ಒಳಗೊಳ್ಳುತ್ತದೆ.

ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವುದು ಎಂಬ ಕನ್ನಡ ನುಡಿಗಟ್ಟು ಈ ವಿಶಾಲಾರ್ಥಕ್ಕೆ ಸಮೀಪವಾಗಿದೆ. 'ಕುಣಿಯಲಾರದವಳು ನೆಲ ಡೊಂಕು ಎಂದಳು' ಎಂಬ ಗಾದೆಯನ್ನೂ ಈ ಸಂದರ್ಭದಲ್ಲಿ ನೆನೆಯಬಹುದು. ಆದರೆ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಗಾದೆಯಲ್ಲಿ ನೆಪ ಹುಟ್ಟುವುದು ಕುಣಿತ ಕೆಟ್ಟ ಮೇಲೆ. ಸ್ವವಿಘ್ನದಲ್ಲಿ ಕುಣಿತಕ್ಕೆ ಮುಂಚೆಯೇ ನೆಲವನ್ನು ಡೊಂಕು ಮಾಡಿಡಲಾಗುತ್ತದೆ, ಅಥವಾ ನೆಲ ಡೊಂಕಾಗಿದೆ ಎಂದು ಸಭೆಗೆ ತಿಳಿಸಿಡಲಾಗುತ್ತದೆ. ಈ ಪೂರ್ವಸಿದ್ಧತೆಯೇ ಸ್ವವಿಘ್ನವನ್ನು ಸಾಮಾನ್ಯ ನೆಪದಿಂದ ಬೇರ್ಪಡಿಸುತ್ತದೆ.

ಅಧ್ಯಯನದ ಇತಿಹಾಸ

ಆರಂಭಿಕ ಚಿಂತನೆ

ಮನುಷ್ಯನು ತನಗೆ ತಾನೇ ಮಿತ್ರನೂ ಶತ್ರುವೂ ಆಗಬಲ್ಲನೆಂಬ ವಿಚಾರ ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿಯೂ ಬರುತ್ತದೆ. ಆಧುನಿಕ ಮನೋವಿಜ್ಞಾನದಲ್ಲಿ ಈ ವಿಷಯವನ್ನು ಮೊದಲು ಗಂಭೀರವಾಗಿ ಎತ್ತಿಕೊಂಡವರಲ್ಲಿ ಸಿಗ್ಮಂಡ್ ಫ್ರಾಯ್ಡ್ ಒಬ್ಬರು. 1916ರ ಪ್ರಬಂಧವೊಂದರಲ್ಲಿ ಅವರು ಯಶಸ್ಸಿನಿಂದಲೇ ಕುಸಿದುಬೀಳುವವರನ್ನು ಕುರಿತು ಬರೆದರು. ಬಹುಕಾಲ ಹಂಬಲಿಸಿದ್ದು ಕೈಗೂಡಿದ ಕ್ಷಣದಲ್ಲೇ ಕೆಲವರು ಕಾಯಿಲೆ ಬೀಳುವುದನ್ನು ಗಮನಿಸಿದ ಅವರು, ಷೇಕ್ಸ್‌ಪಿಯರನ ಲೇಡಿ ಮ್ಯಾಕ್‌ಬೆತ್ ಮತ್ತು ಇಬ್ಸೆನನ 'ರೋಸ್ಮರ್ಸ್‌ಹೋಮ್' ನಾಟಕದ ರೆಬೆಕ್ಕಾ ಪಾತ್ರಗಳನ್ನು ಉದಾಹರಣೆಯಾಗಿ ತೆಗೆದುಕೊಂಡರು. ಅಪರಾಧಪ್ರಜ್ಞೆಯೇ ಇದರ ಮೂಲವೆಂಬುದು ಅವರ ವಿವರಣೆ.

1968ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮಟೀನಾ ಹಾರ್ನರ್ ತಮ್ಮ ಡಾಕ್ಟರೇಟ್ ಸಂಶೋಧನೆಯಲ್ಲಿ 'ಯಶಸ್ಸಿನ ಭಯ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ವೈದ್ಯಕೀಯ ತರಗತಿಯಲ್ಲಿ ಮೊದಲ ಸ್ಥಾನ ಪಡೆದ ಆ್ಯನ್ ಎಂಬ ಹುಡುಗಿಯ ಕುರಿತು ಕಥೆ ಬರೆಯಲು ಹೇಳಿದಾಗ, ಅನೇಕ ವಿದ್ಯಾರ್ಥಿನಿಯರು ಅವಳಿಗೆ ಒಂಟಿತನವನ್ನೂ ಅವಹೇಳನವನ್ನೂ ಕಲ್ಪಿಸಿ ಬರೆದರು. ಮುಂದಿನ ಅಧ್ಯಯನಗಳಲ್ಲಿ ಆ್ಯನ್ ಕುರಿತು ಹುಡುಗರೂ ಅಂತಹ ಕಥೆಗಳನ್ನೇ ಬರೆದುದು ಕಂಡುಬಂತು. ಇದರಿಂದ ಆ ಭಯವು ಹೆಣ್ಣಿನ ಸ್ವಭಾವದಲ್ಲಿರುವುದಲ್ಲ, ಯಶಸ್ವಿ ಹೆಣ್ಣಿನ ಬಗ್ಗೆ ಸಮಾಜ ಇಟ್ಟುಕೊಂಡ ನಿಲುವಿನ ಪ್ರತಿಬಿಂಬ ಎಂಬ ವಾದ ಬಲಗೊಂಡಿತು.

1978ರ ಪ್ರಯೋಗ

ಎಡ್ವರ್ಡ್ ಇ. ಜೋನ್ಸ್ ಮತ್ತು ಸ್ಟೀವನ್ ಬರ್ಗ್ಲಾಸ್ 1978ರಲ್ಲಿ ಪ್ರಕಟಿಸಿದ ಲೇಖನಗಳು ಈ ಕ್ಷೇತ್ರದ ತಳಹದಿಯಾಗಿವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಔಷಧಗಳು ಬೌದ್ಧಿಕ ಸಾಮರ್ಥ್ಯದ ಮೇಲೆ ಬೀರುವ ಪರಿಣಾಮವನ್ನು ಅಳೆಯಲಾಗುತ್ತಿದೆ ಎಂದು ಅವರಿಗೆ ತಿಳಿಸಲಾಯಿತು. ಮೊದಲ ಹಂತದಲ್ಲಿ ಒಂದು ಗುಂಪಿಗೆ ಬಿಡಿಸಬಹುದಾದ ಸಮಸ್ಯೆಗಳನ್ನೂ ಇನ್ನೊಂದು ಗುಂಪಿಗೆ ಬಹುಪಾಲು ಬಿಡಿಸಲಾಗದ ಸಮಸ್ಯೆಗಳನ್ನೂ ಕೊಟ್ಟು, ಎರಡೂ ಗುಂಪುಗಳಿಗೆ ತುಂಬ ಚೆನ್ನಾಗಿ ಮಾಡಿದ್ದೀರಿ ಎಂದು ಹೇಳಲಾಯಿತು. ಎರಡನೆಯ ಗುಂಪಿನವರಿಗೆ ತಾವು ಹೊಗಳಿಕೆಗೆ ಹೇಗೆ ಪಾತ್ರರಾದೆವೆಂಬುದೇ ತಿಳಿಯುವಂತಿರಲಿಲ್ಲ.

ಮುಂದಿನ ಪರೀಕ್ಷೆಗೆ ಮುನ್ನ ಎರಡು ಔಷಧಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಅವಕಾಶವಿತ್ತು. ಆ್ಯಕ್ಟವಿಲ್ ಎಂಬುದು ಬುದ್ಧಿಯನ್ನು ಚುರುಕುಗೊಳಿಸುತ್ತದೆ, ಪ್ಯಾಂಡೊಕ್ರಿನ್ ಎಂಬುದು ಮಂದಗೊಳಿಸುತ್ತದೆ ಎಂದು ವಿವರಿಸಲಾಗಿತ್ತು. ಎರಡೂ ಕಾಲ್ಪನಿಕ ಹೆಸರುಗಳು; ಯಾವ ಔಷಧವನ್ನೂ ನಿಜವಾಗಿ ಕೊಡಲಿಲ್ಲ. ಕಾರಣ ತಿಳಿಯದ ಯಶಸ್ಸನ್ನು ಪಡೆದ ಪುರುಷರು, ಶ್ರಮಿಸಿ ಯಶಸ್ಸು ಪಡೆದವರಿಗಿಂತ ಹೆಚ್ಚಾಗಿ, ಬುದ್ಧಿಯನ್ನು ಮಂದಗೊಳಿಸುವ ಔಷಧವನ್ನೇ ಆರಿಸಿಕೊಂಡರು. ಮಹಿಳೆಯರಲ್ಲಿ ಈ ಪ್ರವೃತ್ತಿ ಸ್ಪಷ್ಟವಾಗಿ ಕಂಡುಬರಲಿಲ್ಲ.

ಈ ಫಲಿತಾಂಶದ ಮಹತ್ವವಿರುವುದು ಸ್ವವಿಘ್ನ ಹುಟ್ಟುವ ಸ್ಥಳವನ್ನು ಅದು ಗುರುತಿಸಿದ ರೀತಿಯಲ್ಲಿ. ಸತತ ಸೋಲನ್ನು ಕಂಡವರಲ್ಲಿ ಮಾತ್ರ ಇದು ಬೆಳೆಯುತ್ತದೆಂಬ ಊಹೆಗೆ ವಿರುದ್ಧವಾಗಿ, ಗೆದ್ದರೂ ಆ ಗೆಲುವನ್ನು ಮತ್ತೆ ಸಾಧಿಸಬಲ್ಲೆನೆಂಬ ಭರವಸೆಯಿಲ್ಲದವರಲ್ಲಿ ಇದು ಕಾಣಿಸಿಕೊಂಡಿತು. ಅದೇ 1978ರಲ್ಲಿ ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಸಾಧಕ ಮಹಿಳೆಯರಲ್ಲಿ ಗುರುತಿಸಿದ, ತನ್ನ ಸಾಧನೆಗೆ ತಾನು ಅರ್ಹಳಲ್ಲವೆಂಬ 'ಇಂಪೋಸ್ಟರ್' ಭಾವನೆಯೂ ಇದಕ್ಕೆ ನೆರೆಯ ಪರಿಕಲ್ಪನೆಯಾಗಿದೆ.

ನಂತರದ ಬೆಳವಣಿಗೆ

1982ರಲ್ಲಿ ಕೋಲ್ಡಿಟ್ಜ್ ಮತ್ತು ಆರ್ಕಿನ್ ನಡೆಸಿದ ಪ್ರಯೋಗದಲ್ಲಿ, ಔಷಧದ ಆಯ್ಕೆ ಇತರರಿಗೆ ತಿಳಿಯುವಂತಿದ್ದಾಗ ಸ್ವವಿಘ್ನ ಕಂಡುಬಂತು, ಯಾರಿಗೂ ತಿಳಿಯದಂತಿದ್ದಾಗ ಕಾಣಲಿಲ್ಲ. ಇದು ತನ್ನ ಕಣ್ಣಿನಲ್ಲಿ ಮಾತ್ರವಲ್ಲದೆ ಇತರರ ಕಣ್ಣಿನಲ್ಲಿಯೂ ಮಾನ ಉಳಿಸಿಕೊಳ್ಳುವ ಉಪಾಯವೆಂದು ಅವರು ವಾದಿಸಿದರು. ಫ್ರೆಡರಿಕ್ ರೋಡ್‌ವಾಲ್ಟ್ ಮತ್ತು ಜೋನ್ಸ್ ಈ ಪ್ರವೃತ್ತಿಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ರೋಡ್‌ವಾಲ್ಟ್ ಮತ್ತು ಸಂಗಡಿಗರು 1984ರಲ್ಲಿ ಈಜು ಸ್ಪರ್ಧಿಗಳನ್ನು ಗಮನಿಸಿದಾಗ, ಈ ಪ್ರವೃತ್ತಿ ಕಡಿಮೆಯಿದ್ದವರು ಮುಖ್ಯ ಸ್ಪರ್ಧೆಗೆ ಮುನ್ನ ಅಭ್ಯಾಸವನ್ನು ಹೆಚ್ಚಿಸಿಕೊಂಡರು. ಹೆಚ್ಚಿದ್ದವರು ಹಾಗೆ ಹೆಚ್ಚಿಸಿಕೊಳ್ಳಲಿಲ್ಲ.

ವಿಧಗಳು

ಸಂಶೋಧಕರು ಸ್ವವಿಘ್ನವನ್ನು ಮುಖ್ಯವಾಗಿ ಎರಡು ವಿಧಗಳಾಗಿ ವಿಂಗಡಿಸುತ್ತಾರೆ.

• ವರ್ತನಾತ್ಮಕ ಸ್ವವಿಘ್ನ: ನಿಜವಾಗಿಯೂ ಅಡ್ಡಿಯನ್ನು ಉಂಟುಮಾಡಿಕೊಳ್ಳುವುದು. ಅಭ್ಯಾಸ ಮಾಡದಿರುವುದು, ಮದ್ಯಪಾನ, ನಿದ್ದೆಗೆಡುವುದು, ಏಕಕಾಲದಲ್ಲಿ ಹಲವು ಕೆಲಸಗಳನ್ನು ಮೈಮೇಲೆ ಹಾಕಿಕೊಳ್ಳುವುದು, ಯಾರಿಂದಲೂ ಸಾಧ್ಯವಾಗದ ಗುರಿಯನ್ನು ಆರಿಸಿಕೊಳ್ಳುವುದು ಇದಕ್ಕೆ ಸೇರುತ್ತವೆ. ಇದರಿಂದ ಫಲಿತಾಂಶ ನಿಜವಾಗಿಯೂ ಕೆಡುತ್ತದೆ.

• ಹೇಳಿಕೆಯ ಸ್ವವಿಘ್ನ: ಅಡ್ಡಿಯೊಂದಿದೆ ಎಂದು ಮುಂಚಿತವಾಗಿ ಹೇಳಿಕೊಳ್ಳುವುದು. ತಲೆನೋವು, ಆತಂಕ, ಜ್ವರ, ಮನೆಯ ತಾಪತ್ರಯ ಮೊದಲಾದವುಗಳನ್ನು ಪರೀಕ್ಷೆಗೆ ಮುನ್ನವೇ ಪ್ರಚಾರ ಮಾಡುವುದು ಇದರ ಲಕ್ಷಣ. ಪರೀಕ್ಷಾ ಕೊಠಡಿಯ ಹೊರಗೆ ಕೇಳಿಬರುವ 'ಏನೂ ಓದಿಲ್ಲ' ಎಂಬ ಮಾತು ಹಲವು ವೇಳೆ ಈ ಬಗೆಯದು. ಇಲ್ಲಿ ಕೆಲಸಕ್ಕೆ ಧಕ್ಕೆ ಕಡಿಮೆ, ಆದರೆ ಹೇಳಿಕೆಯನ್ನು ಇತರರು ನಂಬುವ ಸಾಧ್ಯತೆಯೂ ಕಡಿಮೆ.

ವರ್ತನಾತ್ಮಕ ಸ್ವವಿಘ್ನವು ಪುರುಷರಲ್ಲಿ ಹೆಚ್ಚೆಂದು ಹಲವು ಅಧ್ಯಯನಗಳು ತಿಳಿಸಿವೆ. ಮಹಿಳೆಯರು ಶ್ರಮಕ್ಕೆ ಹೆಚ್ಚು ಬೆಲೆ ಕೊಡುವುದು, ಶ್ರಮ ತೊರೆಯುವವರನ್ನು ಅವರು ಕಟುವಾಗಿ ಅಳೆಯುವುದು ಇದಕ್ಕೆ ಒಂದು ಕಾರಣವೆಂದು ಎಡ್ವರ್ಡ್ ಹಿರ್ಟ್, ಶಾನ್ ಮೆಕ್‌ಕ್ರೀ ಮೊದಲಾದವರು ಅಭಿಪ್ರಾಯಪಟ್ಟಿದ್ದಾರೆ. ಹೇಳಿಕೆಯ ಸ್ವವಿಘ್ನದಲ್ಲಿ ಇಂತಹ ಸ್ಥಿರವಾದ ಅಂತರವಿಲ್ಲ.

ಸ್ವವಿಘ್ನವನ್ನು ಅದರ ನೆರೆಯ ವರ್ತನೆಗಳಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ. ಕೆಲಸವನ್ನು ಮುಂದೂಡುವ ಎಲ್ಲರೂ ಸ್ವವಿಘ್ನಿಗಳಲ್ಲ. ಕೆಲಸ ಬೇಸರದ್ದೆಂಬ ಕಾರಣಕ್ಕೂ ಮುಂದೂಡುವವರಿದ್ದಾರೆ. ನಿಜವಾದ ಕಾಯಿಲೆ, ಖಿನ್ನತೆ, ಬಡತನ, ಓದಲು ಸ್ಥಳವಿಲ್ಲದಿರುವಿಕೆ ಇವು ವ್ಯಕ್ತಿ ಆರಿಸಿಕೊಂಡ ಅಡ್ಡಿಗಳಲ್ಲ.

ಕಾರಣಗಳು

ಕಾರಣಾರೋಪಣೆಯ ತರ್ಕ

ಸ್ವವಿಘ್ನದ ಒಳತರ್ಕವನ್ನು ಹೆರಾಲ್ಡ್ ಕೆಲಿಯವರ ಕಾರಣಾರೋಪಣೆಯ ಸಿದ್ಧಾಂತ ವಿವರಿಸುತ್ತದೆ. ಒಂದು ಘಟನೆಗೆ ಹಲವು ಕಾರಣಗಳು ಕಣ್ಣಿಗೆ ಬಿದ್ದಾಗ ಪ್ರತಿಯೊಂದರ ತೂಕವೂ ಕಡಿಮೆಯಾಗುತ್ತದೆ. ಓದದೆ ಅನುತ್ತೀರ್ಣನಾದವನ ಬುದ್ಧಿಯನ್ನು ಯಾರೂ ಸಂಶಯಿಸುವುದಿಲ್ಲ, ಏಕೆಂದರೆ ಓದದಿರುವುದೇ ಸಾಕಷ್ಟು ಕಾರಣವಾಗುತ್ತದೆ. ಇದಕ್ಕೆ ಪ್ರತಿಯಾಗಿ, ಅಡ್ಡಿಯ ನಡುವೆಯೂ ಗೆದ್ದರೆ ಸಾಮರ್ಥ್ಯದ ತೂಕ ಹೆಚ್ಚುತ್ತದೆ. ಓದದೆಯೇ ಉತ್ತಮ ಅಂಕ ಪಡೆದವನು ಅಸಾಧಾರಣ ಬುದ್ಧಿವಂತನೆನಿಸಿಕೊಳ್ಳುತ್ತಾನೆ. ಸೋತರೆ ರಕ್ಷಣೆ, ಗೆದ್ದರೆ ದುಪ್ಪಟ್ಟು ಕೀರ್ತಿ ಎಂಬ ಈ ಏರ್ಪಾಡೇ ಸ್ವವಿಘ್ನದ ಆಕರ್ಷಣೆ. ಡಯಾನ್ ಟೈಸ್ 1991ರಲ್ಲಿ ತೋರಿಸಿದಂತೆ, ಆತ್ಮಗೌರವ ಕಡಿಮೆಯಿರುವವರು ಮೊದಲನೆಯ ಲಾಭಕ್ಕಾಗಿಯೂ, ಹೆಚ್ಚಿರುವವರು ಎರಡನೆಯ ಲಾಭಕ್ಕಾಗಿಯೂ ಇದರತ್ತ ವಾಲುತ್ತಾರೆ.

ಫ್ರಾನ್ಸಿನ ಚದುರಂಗಪಟು ಅಲೆಕ್ಸಾಂಡ್ರ್ ಡೆಶಾಪೆಲ್ (1780–1847) ಎದುರಾಳಿಗೆ ತನ್ನದೊಂದು ಕಾಲಾಳನ್ನೂ ಆರಂಭದ ನಡೆಗಳನ್ನೂ ಬಿಟ್ಟುಕೊಟ್ಟು ಆಡುತ್ತಿದ್ದುದನ್ನು ಈ ವಿಷಯದ ಬರಹಗಳಲ್ಲಿ ಉದಾಹರಿಸುವುದುಂಟು. ಬಿಟ್ಟುಕೊಟ್ಟು ಆಡುವುದು ಆ ಕಾಲದ ಚದುರಂಗದಲ್ಲಿ ಸಾಮಾನ್ಯ ಪದ್ಧತಿಯೇ ಆಗಿತ್ತು. ಆದರೂ ಅಂತಹ ಆಟದಲ್ಲಿ ಸೋಲು ಬಂದರೆ ಅವಮಾನವಿಲ್ಲ, ಗೆಲುವು ಬಂದರೆ ಹೆಚ್ಚಿನ ಹಿರಿಮೆ ಎಂಬುದು ಸ್ವವಿಘ್ನದ ತರ್ಕವನ್ನು ಚೆನ್ನಾಗಿ ತಿಳಿಸುತ್ತದೆ.

ವ್ಯಕ್ತಿಮೌಲ್ಯ ಮತ್ತು ಸಾಧನೆ

ಶಿಕ್ಷಣ ಮನೋವಿಜ್ಞಾನಿ ಮಾರ್ಟಿನ್ ಕವಿಂಗ್‌ಟನ್ ರೂಪಿಸಿದ ಆತ್ಮಮೌಲ್ಯ ಸಿದ್ಧಾಂತದ ಪ್ರಕಾರ, ಸಾಧನೆಯನ್ನು ಸಾಮರ್ಥ್ಯಕ್ಕೂ ಸಾಮರ್ಥ್ಯವನ್ನು ಮನುಷ್ಯನ ಬೆಲೆಗೂ ಸಮೀಕರಿಸುವ ವಾತಾವರಣದಲ್ಲಿ ಸೋಲು ಕೇವಲ ಸೋಲಾಗಿ ಉಳಿಯುವುದಿಲ್ಲ. ಅದು ವ್ಯಕ್ತಿಯ ಕುರಿತ ತೀರ್ಪಾಗುತ್ತದೆ. ಆಗ ತೀರ್ಪಿನಿಂದ ತಪ್ಪಿಸಿಕೊಳ್ಳುವುದು ಗೆಲುವಿಗಿಂತಲೂ ತುರ್ತಾದ ಅಗತ್ಯವಾಗುತ್ತದೆ. ಜೆನಿಫರ್ ಕ್ರಾಕರ್ ಮತ್ತು ಕೋನಿ ವುಲ್ಫ್ 2001ರಲ್ಲಿ ಮಂಡಿಸಿದ ವಿಚಾರವೂ ಇದಕ್ಕೆ ಪೂರಕವಾಗಿದೆ. ಪ್ರತಿಯೊಬ್ಬರ ಆತ್ಮಗೌರವವೂ ಕೆಲವು ಕ್ಷೇತ್ರಗಳಿಗೆ ಕಟ್ಟಿಹಾಕಿಕೊಂಡಿರುತ್ತದೆ. ಕೆಲವರಿಗೆ ಅದು ಅಂಕಗಳು, ಕೆಲವರಿಗೆ ರೂಪ, ಕೆಲವರಿಗೆ ಪರರ ಮೆಚ್ಚುಗೆ, ಮತ್ತೆ ಕೆಲವರಿಗೆ ಸದ್ಗುಣ. ಯಾವ ಕ್ಷೇತ್ರಕ್ಕೆ ಆತ್ಮಗೌರವ ಬಿಗಿಯಾಗಿ ಕಟ್ಟಿಕೊಂಡಿದೆಯೋ ಅಲ್ಲಿಯ ಸೋಲು ಹೆಚ್ಚು ನೋಯಿಸುತ್ತದೆ. ಆದ್ದರಿಂದ ವ್ಯಕ್ತಿಯು ತನಗೆ ಅತ್ಯಂತ ಮುಖ್ಯವಾದ ಕೆಲಸದಲ್ಲಿಯೇ ವಿಘ್ನವನ್ನು ತಂದುಕೊಳ್ಳುವುದು ವಿಚಿತ್ರವಲ್ಲ.

ಹೊಗಳಿಕೆಯ ರೀತಿ

ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒಂದೇ ಬಗೆಯ ಸಮಸ್ಯೆಗಳನ್ನು ಬಿಡಿಸಿದ ಶಾಲಾಮಕ್ಕಳಲ್ಲಿ ಕೆಲವರ ಬುದ್ಧಿಯನ್ನೂ ಕೆಲವರ ಶ್ರಮವನ್ನೂ ಹೊಗಳಲಾಯಿತು. ಮುಂದೆ ಕಠಿಣ ಸಮಸ್ಯೆಗಳಲ್ಲಿ ಎಡವಿದಾಗ, ಬುದ್ಧಿಗಾಗಿ ಹೊಗಳಿಸಿಕೊಂಡ ಮಕ್ಕಳು ಬೇಗನೆ ಉತ್ಸಾಹ ಕಳೆದುಕೊಂಡರು. ಅವರಲ್ಲಿ ತಮ್ಮ ಅಂಕಗಳನ್ನು ಹೆಚ್ಚಿಸಿ ಹೇಳಿದವರೂ ಹೆಚ್ಚಾಗಿದ್ದರು. 'ಜಾಣ' ಎಂಬ ಬಿರುದು ಮಗುವಿಗೆ ಕಾಪಾಡಿಕೊಳ್ಳಬೇಕಾದ ಆಸ್ತಿಯಾಗುತ್ತದೆ, ಹೊಸ ಪ್ರಯತ್ನವೆಲ್ಲ ಆ ಆಸ್ತಿಗೆ ಅಪಾಯವಾಗಿ ತೋರುತ್ತದೆ ಎಂದು ಇದನ್ನು ಅರ್ಥೈಸಲಾಗಿದೆ.

ಪರಿಣಾಮಗಳು

ಸ್ವವಿಘ್ನದಿಂದ ತಾತ್ಕಾಲಿಕ ಲಾಭವಿರುವುದನ್ನು ಸಂಶೋಧಕರು ಒಪ್ಪುತ್ತಾರೆ. ಸೋತಾಗ ಮನಸ್ಸಿಗೆ ಪೆಟ್ಟು ಕಡಿಮೆಯಾಗುತ್ತದೆ, ಪರೀಕ್ಷೆಗೆ ಮುನ್ನ ಆತಂಕವೂ ಸ್ವಲ್ಪ ತಗ್ಗಬಹುದು. ದೀರ್ಘಕಾಲದ ಲೆಕ್ಕ ಬೇರೆ. ಮಿರಾನ್ ಝುಕರ್‌ಮನ್ ಮತ್ತು ಸಂಗಡಿಗರ 1998ರ ಅಧ್ಯಯನವು ಈ ಪ್ರವೃತ್ತಿಯುಳ್ಳ ವಿದ್ಯಾರ್ಥಿಗಳಲ್ಲಿ ಓದಿನ ಅಭ್ಯಾಸ ದುರ್ಬಲವಾಗಿರುವುದನ್ನೂ, ಸ್ವವಿಘ್ನ ಮತ್ತು ಮಾನಸಿಕ ಹೊಂದಾಣಿಕೆಯ ಕೊರತೆ ಒಂದನ್ನೊಂದು ಪೋಷಿಸುವುದನ್ನೂ ಕಂಡಿತು. ನೆಪ ಕೊಟ್ಟಷ್ಟೂ ಸಾಧನೆ ಕುಗ್ಗುತ್ತದೆ, ಸಾಧನೆ ಕುಗ್ಗಿದಷ್ಟೂ ನೆಪ ಬೇಕಾಗುತ್ತದೆ.

ಮೆಕ್‌ಕ್ರೀ 2008ರ ಲೇಖನದಲ್ಲಿ ಇದರ ಒಂದು ಸೂಕ್ಷ್ಮ ಮುಖವನ್ನು ವಿವರಿಸಿದ್ದಾರೆ. 'ಓದಿದ್ದರೆ ಚೆನ್ನಾಗಿ ಮಾಡುತ್ತಿದ್ದೆ' ಎಂಬ ಆಲೋಚನೆ ಸಾಮಾನ್ಯವಾಗಿ ಮುಂದಿನ ಬಾರಿ ಓದುವಂತೆ ಪ್ರೇರೇಪಿಸಬೇಕು. ಸ್ವವಿಘ್ನದ ಸಂದರ್ಭದಲ್ಲಿ ಅದೇ ಆಲೋಚನೆ ಸಮಾಧಾನದ ಮಾತಾಗಿ, ಸಾಮರ್ಥ್ಯವಿದೆ ಎಂಬ ನಂಬಿಕೆಯನ್ನು ಉಳಿಸಿ, ಮುಂದಿನ ಸಿದ್ಧತೆಯ ಒತ್ತಾಸೆಯನ್ನು ಕಡಿಮೆ ಮಾಡುತ್ತದೆ. ಹೀಗೆ ಸೋಲಿನಿಂದ ಕಲಿಯಬೇಕಾದ ಪಾಠವೇ ಕಳೆದುಹೋಗುತ್ತದೆ. ತನ್ನ ನಿಜವಾದ ಮಿತಿ ಎಲ್ಲಿದೆ, ಶಕ್ತಿ ಎಷ್ಟಿದೆ ಎಂಬ ಅರಿವು ವ್ಯಕ್ತಿಗೆ ಬಹುಕಾಲ ದೊರೆಯುವುದೇ ಇಲ್ಲ.

ಸಾಮಾಜಿಕವಾಗಿಯೂ ಇದು ದುಬಾರಿ. ನೋಡುಗರು ನೆಪವನ್ನು ಒಪ್ಪಿಕೊಂಡು ವ್ಯಕ್ತಿಯ ಸಾಮರ್ಥ್ಯವನ್ನು ಸಂಶಯಿಸದಿದ್ದರೂ, ಅವನ ಸ್ವಭಾವವನ್ನು ಮೆಚ್ಚುವುದಿಲ್ಲ. ರೋಡ್‌ವಾಲ್ಟ್ ಮತ್ತು ಸಂಗಡಿಗರ 1995ರ ಅಧ್ಯಯನದಲ್ಲಿ, ನೆಪ ಹೇಳಿಕೊಂಡವರ ಕೆಲಸವನ್ನು ನೋಡುಗರು ಕಡಿಮೆ ದರ್ಜೆಯದೆಂದು ಅಳೆದರು.

ಶಾಲೆ ಮತ್ತು ಪರೀಕ್ಷೆಯ ಸಂದರ್ಭ

ಸ್ವವಿಘ್ನದ ಸಂಶೋಧನೆಯ ಬಹುಭಾಗ ಶಾಲಾ ಕಾಲೇಜುಗಳಲ್ಲಿ ನಡೆದಿದೆ. ಕವಿಂಗ್‌ಟನ್ ಮತ್ತು ಕ್ಯಾರಲ್ ಓಮೆಲಿಕ್ 1979ರಲ್ಲಿ ಶ್ರಮವನ್ನು ಎರಡಲಗಿನ ಕತ್ತಿಯೆಂದು ವರ್ಣಿಸಿದರು. ಶ್ರಮಪಡದೆ ಅನುತ್ತೀರ್ಣರಾದವರನ್ನು ಶಿಕ್ಷಕರು ದಂಡಿಸುತ್ತಾರೆ. ಶ್ರಮಪಟ್ಟು ಅನುತ್ತೀರ್ಣರಾದಾಗ ವಿದ್ಯಾರ್ಥಿಗೆ ಅತಿ ಹೆಚ್ಚಿನ ನಾಚಿಕೆಯಾಗುತ್ತದೆ. ಶಿಕ್ಷಕರ ದೃಷ್ಟಿಯಲ್ಲಿ ಗುಣವಾದ ಶ್ರಮ, ವಿದ್ಯಾರ್ಥಿಯ ದೃಷ್ಟಿಯಲ್ಲಿ ಅಪಾಯವಾಗುತ್ತದೆ. ಈ ಇಕ್ಕಟ್ಟಿನಲ್ಲಿ ವಿದ್ಯಾರ್ಥಿಗೆ ತೋರುವ ಸುಲಭ ದಾರಿಯೆಂದರೆ ಸ್ವಲ್ಪ ಓದಿ, ಹೆಚ್ಚು ನೆಪಗಳನ್ನು ಕೂಡಿಟ್ಟುಕೊಳ್ಳುವುದು. 'ಇನ್ನಷ್ಟು ಕಷ್ಟಪಡು' ಎಂಬ ಉಪದೇಶ ಇಂತಹ ವಿದ್ಯಾರ್ಥಿಗೆ ನಾಟದಿರುವುದಕ್ಕೆ ಕಾರಣವೂ ಇದೇ.

ಟಿಮ್ ಉರ್ಡಾನ್ ಮತ್ತು ಕ್ಯಾರಲ್ ಮಿಡ್ಗ್ಲಿಯವರ ಸಮೀಕ್ಷೆಗಳು ತರಗತಿಯ ವಾತಾವರಣದ ಪಾತ್ರವನ್ನು ಎತ್ತಿತೋರಿಸಿವೆ. ಯಾರು ಮುಂದೆ, ಯಾರು ಹಿಂದೆ ಎಂಬ ಹೋಲಿಕೆಗೆ ಒತ್ತುಕೊಡುವ ತರಗತಿಗಳಲ್ಲಿ ಸ್ವವಿಘ್ನ ಹೆಚ್ಚು ವರದಿಯಾಗಿದೆ. ಸ್ವವಿಘ್ನ ಮತ್ತು ಕಲಿಕೆಯ ಫಲಿತಾಂಶಗಳ ನಡುವೆ ವಿಲೋಮ ಸಂಬಂಧವಿದೆ ಎಂಬುದನ್ನು 2014ರಲ್ಲಿ ಮಾಲ್ಟೆ ಶ್ವಿಂಗರ್ ಮತ್ತು ಸಂಗಡಿಗರು ಪ್ರಕಟಿಸಿದ, ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆ ದೃಢಪಡಿಸಿತು.

ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿಯುಸಿ ಫಲಿತಾಂಶಗಳು ಮನೆಮಂದಿಯ, ನೆಂಟರಿಷ್ಟರ ಚರ್ಚೆಯ ವಸ್ತುವಾಗುತ್ತವೆ. ವೃತ್ತಿಶಿಕ್ಷಣದ ಸೀಟುಗಳ ಹಂಚಿಕೆಗಾಗಿ ನಡೆಯುವ ಸಿಇಟಿಯಲ್ಲಿ ಪ್ರತಿ ಅಭ್ಯರ್ಥಿಯ ಸ್ಥಾನವೂ ರ‍್ಯಾಂಕ್ ಸಂಖ್ಯೆಯಾಗಿ ನಿಗದಿಯಾಗುತ್ತದೆ. ಸೀಟುಗಳು ಸೀಮಿತವಾಗಿರುವಲ್ಲಿ ಹೋಲಿಕೆ ಅನಿವಾರ್ಯ. ಆದರೆ ಆ ಸಂಖ್ಯೆ ಸೀಟನ್ನು ನಿರ್ಧರಿಸುವ ಸಾಧನವಾಗಿ ನಿಲ್ಲದೆ ಮಗುವಿನ ಬೆಲೆಯ ಸೂಚಕವಾದಾಗ, ಕವಿಂಗ್‌ಟನ್ ವಿವರಿಸಿದ ಇಕ್ಕಟ್ಟು ಇಲ್ಲಿಯೂ ಉಂಟಾಗುತ್ತದೆ.

ಹೊರಬರುವ ಮಾರ್ಗಗಳು

ಸ್ವವಿಘ್ನವನ್ನು ಸಂಪೂರ್ಣವಾಗಿ ನಿವಾರಿಸುವ ಒಂದೇ ವಿಧಾನವಿಲ್ಲ. ಸಂಶೋಧನೆಯ ಬೆಂಬಲವಿರುವ ಕೆಲವು ಮಾರ್ಗಗಳು ಹೀಗಿವೆ.

• ಗುರುತಿಸುವಿಕೆ: ವಿಘ್ನ ಕಾಣಿಸಿಕೊಳ್ಳುವ ಕಾಲವನ್ನು ಗಮನಿಸುವುದು ಮೊದಲ ಹೆಜ್ಜೆ. ಸಾಮಾನ್ಯ ದಿನಗಳಲ್ಲಿ ಸರಿಯಾಗಿ ಕೆಲಸ ಮಾಡುವವರು ಮೌಲ್ಯಮಾಪನ ಹತ್ತಿರವಾದಾಗ ಮಾತ್ರ ಕಾಯಿಲೆ, ಗಡಿಬಿಡಿ, ಅನ್ಯ ಕೆಲಸಗಳಲ್ಲಿ ಸಿಲುಕುತ್ತಿದ್ದರೆ ಅದು ಸ್ವವಿಘ್ನದ ಸೂಚನೆಯಾಗಿರಬಹುದು.

• ಮೌಲ್ಯಗಳ ಸ್ಮರಣೆ: ಕ್ಲಾಡ್ ಸ್ಟೀಲ್ 1988ರಲ್ಲಿ ಮಂಡಿಸಿದ ಆತ್ಮದೃಢೀಕರಣ ಸಿದ್ಧಾಂತದ ಪ್ರಕಾರ, ಒಂದು ಕ್ಷೇತ್ರದಲ್ಲಿ ಅಪಾಯ ಎದುರಾದಾಗ ಬೇರೊಂದು ಕ್ಷೇತ್ರದ ತನ್ನ ಮೌಲ್ಯವನ್ನು ನೆನಪಿಸಿಕೊಂಡರೆ ರಕ್ಷಣೆಯ ತುರ್ತು ತಗ್ಗುತ್ತದೆ. ತಮಗೆ ಮುಖ್ಯವಾದ ಮೌಲ್ಯವನ್ನು ಪರಿಭಾವಿಸಿದವರಲ್ಲಿ ಸ್ವವಿಘ್ನ ಕಡಿಮೆಯಾಗುವುದು 2005ರ ಅಧ್ಯಯನವೊಂದರಲ್ಲಿ ಕಂಡುಬಂದಿದೆ.

• ತನ್ನನ್ನು ಕ್ಷಮಿಸಿಕೊಳ್ಳುವುದು: ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೈಕೆಲ್ ವೋಲ್, ತಿಮೋತಿ ಪಿಚಿಲ್ ಮತ್ತು ಶಾನನ್ ಬೆನೆಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ತನ್ನನ್ನು ಹಳಿದುಕೊಳ್ಳುವುದರಿಂದ ಶಿಸ್ತು ಬರುತ್ತದೆಂಬ ನಂಬಿಕೆಗೆ ಇದು ವಿರುದ್ಧವಾಗಿದೆ. ಹಳಿದುಕೊಂಡಷ್ಟೂ ಆ ಕೆಲಸ ನೋವಿನ ನೆನಪಾಗಿ, ಅದನ್ನು ಮುಟ್ಟುವುದೇ ಕಷ್ಟವಾಗುತ್ತದೆ.

• 'ಹೀಗಾದರೆ ಹೀಗೆ' ಯೋಜನೆ: ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲಿ ಅಭಿವೃದ್ಧಿಪಡಿಸಿದ ವಿಧಾನವಿದು. 'ಚೆನ್ನಾಗಿ ಓದುತ್ತೇನೆ' ಎಂಬ ಸಂಕಲ್ಪಕ್ಕೆ ಬದಲಾಗಿ 'ರಾತ್ರಿ ಊಟ ಮುಗಿದ ಕೂಡಲೇ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಗಣಿತದ ಮೂರು ಲೆಕ್ಕ ಮಾಡುತ್ತೇನೆ' ಎಂದು ಸಮಯ, ಸನ್ನಿವೇಶ, ಕ್ರಿಯೆಗಳನ್ನು ಜೋಡಿಸಲಾಗುತ್ತದೆ. 2006ರಲ್ಲಿ ಗೋಲ್‌ವಿಟ್ಜರ್ ಮತ್ತು ಪ್ಯಾಸ್ಕಲ್ ಶೀರನ್ 94 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ ಇದರ ಪರಿಣಾಮ ಗಣನೀಯವೆಂದು ತಿಳಿಸಿದರು.

• ಸಣ್ಣ ಪರೀಕ್ಷೆಗಳು: ಒಂದೇ ದೊಡ್ಡ ತೀರ್ಪಿನ ಬದಲು ತಪ್ಪು ತಿದ್ದಿಕೊಳ್ಳಲು ಅವಕಾಶವಿರುವ ಹಲವು ಸಣ್ಣ ಮೌಲ್ಯಮಾಪನಗಳಿದ್ದರೆ ಪ್ರತಿಯೊಂದರ ಭಯ ಕಡಿಮೆಯಾಗುತ್ತದೆ. ಶಿಕ್ಷಕರೂ ಪೋಷಕರೂ ಸುಲಭವಾಗಿ ಒದಗಿಸಬಹುದಾದ ನೆರವು ಇದು.

ಈ ವರ್ತನೆಯ ಜೊತೆಗೆ ದೀರ್ಘಕಾಲದ ಖಿನ್ನತೆ, ಮದ್ಯವ್ಯಸನ ಅಥವಾ ಬದುಕಿನ ಬಗ್ಗೆ ಜುಗುಪ್ಸೆ ಇದ್ದರೆ ಸ್ವಪ್ರಯತ್ನ ಸಾಲದು. ತಜ್ಞರ ನೆರವು ಅಗತ್ಯ. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯ ಉಚಿತ ದೂರವಾಣಿ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಮುಖ್ಯ ಸಮನ್ವಯ ಕೇಂದ್ರವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು.

ಯಶಸ್ಸಿನ ವೈಯಕ್ತಿಕ ವ್ಯಾಖ್ಯಾನ

ಮೇಲಿನ ಉಪಾಯಗಳು ಅಭ್ಯಾಸವನ್ನು ತಿದ್ದುತ್ತವೆ. ಆದರೆ ಯಾವ ಅಳತೆಗೋಲಿನ ಭಯದಿಂದ ಸ್ವವಿಘ್ನ ಹುಟ್ಟಿತೋ ಆ ಅಳತೆಗೋಲು ಹಾಗೆಯೇ ಉಳಿದರೆ ಅದು ಬೇರೊಂದು ರೂಪದಲ್ಲಿ ಮರಳಬಹುದು. ಈ ಕಾರಣದಿಂದ ಯಶಸ್ಸೆಂದರೆ ಏನೆಂದು ವ್ಯಕ್ತಿ ತಾನೇ ನಿರ್ಧರಿಸಿಕೊಳ್ಳುವುದು ಮುಖ್ಯವಾಗುತ್ತದೆ.

ವಿಲಿಯಂ ಜೇಮ್ಸ್ 1890ರ 'ಪ್ರಿನ್ಸಿಪಲ್ಸ್ ಆಫ್ ಸೈಕಾಲಜಿ' ಗ್ರಂಥದಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ಬರೆದರು. ಅಂಶದಲ್ಲಿ ಪಡೆದ ಯಶಸ್ಸು, ಛೇದದಲ್ಲಿ ವ್ಯಕ್ತಿಯ ಹೆಬ್ಬಯಕೆಗಳು. ಅಂಶವನ್ನು ಹೆಚ್ಚಿಸಿದರೂ, ಛೇದವನ್ನು ತಗ್ಗಿಸಿದರೂ ಭಾಗಲಬ್ಧ ಹೆಚ್ಚುತ್ತದೆ. ಇದನ್ನು ಗುರಿಯನ್ನು ಕೆಳಗಿಳಿಸುವ ಸಲಹೆಯೆಂದು ಮಾತ್ರ ಓದಬೇಕಿಲ್ಲ. ಛೇದದಲ್ಲಿ ಯಾವುದಿರಬೇಕೆಂಬ ಆಯ್ಕೆ ವ್ಯಕ್ತಿಗೇ ಸೇರಿದ್ದು ಎಂಬುದು ಇದರ ಮುಖ್ಯ ಸೂಚನೆ. ಭಾಷಾಪಂಡಿತನಾಗಲು ಬಯಸಿದವನು ಕುಸ್ತಿಯಲ್ಲಿ ಸೋತರೆ ಅವನ ಆತ್ಮಗೌರವ ಕುಂದಬೇಕಾಗಿಲ್ಲ. ಕುಂದುವುದು ಬೇರೆಯವರ ಬಯಕೆಗಳೂ ಅವನ ಛೇದದಲ್ಲಿ ಬಂದು ಕುಳಿತಾಗ.

ಟಿಮ್ ಕ್ಯಾಸರ್ ಮತ್ತು ರಿಚರ್ಡ್ ರಯನ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ ಗಳಿಕೆಯನ್ನು ಇತರ ಗುರಿಗಳಿಗಿಂತ ಮುಖ್ಯವೆಂದು ಭಾವಿಸಿದವರಲ್ಲಿ ಮಾನಸಿಕ ಸ್ವಾಸ್ಥ್ಯ ಕಡಿಮೆಯಿರುವುದು ಕಂಡುಬಂತು. ಆತ್ಮವಿಕಾಸ, ಬಾಂಧವ್ಯ, ಸಮುದಾಯಸೇವೆಗಳನ್ನು ಮುಖ್ಯವೆಂದುಕೊಂಡವರ ಸ್ಥಿತಿ ಉತ್ತಮವಾಗಿತ್ತು. ಕೆನನ್ ಶೆಲ್ಡನ್ ಮತ್ತು ಆ್ಯಂಡ್ರೂ ಎಲಿಯಟ್ 1999ರಲ್ಲಿ, ಸ್ವಂತ ಆಸಕ್ತಿ ಮತ್ತು ನಂಬಿಕೆಗಳಿಗೆ ಹೊಂದುವ ಗುರಿಗಳಿಗಾಗಿ ಜನರು ಹೆಚ್ಚು ಕಾಲ ಶ್ರಮಿಸುತ್ತಾರೆ, ಅವು ಕೈಗೂಡಿದಾಗ ಹೆಚ್ಚಿನ ತೃಪ್ತಿ ಪಡೆಯುತ್ತಾರೆ ಎಂದು ತೋರಿಸಿದರು. ಒತ್ತಡಕ್ಕೋ ನಾಚಿಕೆಗೋ ಹಿಡಿದ ಗುರಿಗಳಲ್ಲಿ ಶ್ರಮ ಬೇಗ ಬತ್ತುತ್ತದೆ. ಆದ್ದರಿಂದ ಕೆಲವು ಸಂದರ್ಭಗಳಲ್ಲಿ ಸ್ವವಿಘ್ನದಂತೆ ಕಾಣುವುದು ವಾಸ್ತವವಾಗಿ ಗುರಿ ತನ್ನದಲ್ಲವೆಂಬುದರ ಲಕ್ಷಣವಾಗಿರಬಹುದು. ಇವೆರಡನ್ನೂ ಬೇರ್ಪಡಿಸಲು ಒಂದು ಸರಳ ಪ್ರಶ್ನೆ ಸಹಾಯಕ: ಯಾರೂ ನೋಡದಿದ್ದರೂ, ಯಾರಿಗೂ ತಿಳಿಸುವಂತಿಲ್ಲದಿದ್ದರೂ ಈ ಗುರಿ ಬೇಕೆನಿಸುತ್ತದೆಯೇ? ಬೇಕೆನಿಸಿದರೆ ತೊಡೆಯಬೇಕಾದುದು ವಿಘ್ನ. ಬೇಡವೆನಿಸಿದರೆ ಮರುಪರಿಶೀಲಿಸಬೇಕಾದುದು ಗುರಿ.

ಟೀಕೆ ಮತ್ತು ಮಿತಿಗಳು

ಮನುಷ್ಯನಿಗೆ ತನ್ನನ್ನು ನಾಶಮಾಡಿಕೊಳ್ಳುವ ಒಳಬಯಕೆಯಿದೆ ಎಂಬ ಜನಪ್ರಿಯ ವಿವರಣೆಗೆ ಆಧಾರ ದುರ್ಬಲವಾಗಿದೆ. ರಾಯ್ ಬಾಮೈಸ್ಟರ್ ಮತ್ತು ಸ್ಟೀವನ್ ಶೆರ್ 1988ರ ವಿಮರ್ಶಾ ಲೇಖನದಲ್ಲಿ, ಸಾಮಾನ್ಯ ಜನರಲ್ಲಿ ತಮಗೆ ತಾವೇ ಹಾನಿ ಬಯಸುವ ವರ್ತನೆಗೆ ಸಾಕ್ಷ್ಯವಿಲ್ಲವೆಂದು ತೀರ್ಮಾನಿಸಿದರು. ಹಾನಿಯಾಗುವುದು ಒಂದು ಲಾಭಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡುವ ವಿನಿಮಯದಿಂದ, ಅಥವಾ ತಪ್ಪು ಉಪಾಯವನ್ನು ಹಿಡಿಯುವುದರಿಂದ. ಸ್ವವಿಘ್ನವನ್ನು ಅವರು ವಿನಿಮಯದ ಗುಂಪಿಗೆ ಸೇರಿಸಿದರು.

ಅಮೆರಿಕದ ಮನೋವೈದ್ಯ ಸಂಘವು 1987ರ ತನ್ನ ಕೈಪಿಡಿಯ ಅನುಬಂಧದಲ್ಲಿ 'ಸ್ವಪರಾಜಯದ ವ್ಯಕ್ತಿತ್ವ ದೋಷ' ಎಂಬ ವರ್ಗವನ್ನು ಸೇರಿಸಿತ್ತು. ದೌರ್ಜನ್ಯಕ್ಕೊಳಗಾದ ಮಹಿಳೆಯರನ್ನೇ ದೋಷಿಗಳನ್ನಾಗಿಸಲು ಇದು ದಾರಿಮಾಡುತ್ತದೆ ಎಂಬ ತೀವ್ರ ಆಕ್ಷೇಪಗಳು ಬಂದವು. 1994ರ ಆವೃತ್ತಿಯಲ್ಲಿ ಈ ವರ್ಗವನ್ನು ಕೈಬಿಡಲಾಯಿತು. ಅದೇ ಎಚ್ಚರಿಕೆ ಸ್ವವಿಘ್ನ ಎಂಬ ಪದದ ಬಳಕೆಗೂ ಅನ್ವಯಿಸುತ್ತದೆ. ಜಾತಿ, ಲಿಂಗ, ಬಡತನ, ಭಾಷಾ ಮಾಧ್ಯಮದ ಅಡ್ಡಿಗಳಿಂದ ಹಿಂದುಳಿದವರಿಗೆ 'ನಿನಗೆ ನೀನೇ ಅಡ್ಡಿ' ಎಂದು ಹೇಳುವುದು ಪರಿಕಲ್ಪನೆಯ ದುರ್ಬಳಕೆ.

ಸಂಶೋಧನೆಯ ವಿಧಾನಕ್ಕೂ ಮಿತಿಗಳಿವೆ. ಬಹುಪಾಲು ಅಧ್ಯಯನಗಳು ಅಮೆರಿಕ ಮತ್ತು ಯುರೋಪಿನ ವಿದ್ಯಾರ್ಥಿಗಳನ್ನು ಆಧರಿಸಿವೆ, ಅನೇಕವು ಸ್ವಯಂ ವರದಿಯ ಪ್ರಶ್ನಾವಳಿಗಳನ್ನು ನೆಚ್ಚಿಕೊಂಡಿವೆ. ಪರಿಹಾರಗಳ ಫಲವನ್ನೂ ಉತ್ಪ್ರೇಕ್ಷಿಸುವಂತಿಲ್ಲ. ಬುದ್ಧಿ ಬೆಳೆಯಬಲ್ಲದು ಎಂಬ ಡ್ವೆಕ್ ಅವರ ವಿಚಾರವನ್ನು ಬೋಧಿಸುವ ಕಾರ್ಯಕ್ರಮವನ್ನು ಅಮೆರಿಕದ ಪ್ರೌಢಶಾಲೆಗಳಲ್ಲಿ ವ್ಯಾಪಕವಾಗಿ ಪರೀಕ್ಷಿಸಿ ಡೇವಿಡ್ ಯೇಗರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಕಡಿಮೆ ಅಂಕ ಪಡೆಯುತ್ತಿದ್ದ ವಿದ್ಯಾರ್ಥಿಗಳಲ್ಲಿ ಸಣ್ಣ ಪ್ರಮಾಣದ ಸುಧಾರಣೆಯನ್ನು ಮಾತ್ರ ಕಂಡಿತು. ವಿದ್ಯಾರ್ಥಿಯ ಮನಸ್ಸನ್ನು ತಿದ್ದುವ ಪ್ರಯತ್ನದ ಜೊತೆಗೆ ಸುತ್ತಲಿನ ವಾತಾವರಣವೂ ಪೂರಕವಾಗಿರಬೇಕೆಂಬುದನ್ನು ಆ ಅಧ್ಯಯನವೇ ಸೂಚಿಸಿದೆ. ಹೊಸ ವಿಚಾರಕ್ಕೆ ಸಹಪಾಠಿಗಳ ಬೆಂಬಲವಿದ್ದ ಶಾಲೆಗಳಲ್ಲಿ ಫಲ ಹೆಚ್ಚಾಗಿತ್ತು.